ಎರಡು ಥ್ರೆಡ್, ಒಂದೇ ಟೋಕನ್



ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಿಮ್ಮಲ್ಲಿ ಅನೇಕರಿಗೆ ಥ್ರೆಡ್ ಎಂದರೆ ಕೆಲಸ ಬೇಗ ಮುಗಿಸುವ ಉಪಾಯ ಎಂದಷ್ಟೇ ಗೊತ್ತು. ಅದಕ್ಕೆ ಇನ್ನೊಂದು ಉಪಯೋಗವಿದೆ: ಒಂದು ಕೆಲಸವನ್ನು ನಡುವೆ ನಿಲ್ಲಿಸಿ, ನಿಲ್ಲಿಸಿದ ಜಾಗದಿಂದಲೇ ಮತ್ತೆ ಮುಂದುವರಿಸುವುದು. ಇಂಥದಕ್ಕೆ ಕೊರೂಟೀನ್ ಎಂಬ ಹೆಸರನ್ನು 1958ರಲ್ಲಿ ಕೊಟ್ಟವರು ಮೆಲ್ವಿನ್ ಕಾನ್ವೇ.

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳ ವಿದ್ಯಾರ್ಥಿವೇತನದ ಅರ್ಜಿಗಳು ಕಂಪ್ಯೂಟರಿನಲ್ಲಿವೆ ಎನ್ನಿ. ತಾಲ್ಲೂಕಿನೊಳಗೆ ಊರು, ಊರಿನೊಳಗೆ ಶಾಲೆ, ಶಾಲೆಯೊಳಗೆ ಹೆಸರು. ಎಲ್ಲವನ್ನೂ ಒಂದೇ ಸಲಕ್ಕೆ ಮುದ್ರಿಸಲು ತನ್ನನ್ನು ತಾನೇ ಕರೆದುಕೊಳ್ಳುವ ಹತ್ತು ಸಾಲಿನ ಫಂಕ್ಷನ್ ಸಾಕು. ಆದರೆ ‘ಮುಂದಿನ ಒಂದು ಹೆಸರು ಕೊಡು’ ಎಂದಾಗ ಕೊಡುವ ಇಟರೇಟರ್ ಬರೆಯಬೇಕಾದರೆ, ಯಾವ ಊರಿನ ಯಾವ ಶಾಲೆಯವರೆಗೆ ಬಂದಿದ್ದೆವು ಎಂಬ ಲೆಕ್ಕವನ್ನು ನಾವೇ ಇಡಬೇಕು. ಪೈಥಾನ್ 2001ರಲ್ಲಿ, ಸಿ-ಶಾರ್ಪ್ 2005ರಲ್ಲಿ ‘ಯೀಲ್ಡ್’ ಮೂಲಕ ಈ ತಲೆನೋವು ತಪ್ಪಿಸಿದವು. ಜಾವಾದಲ್ಲಿ ಅಂಥ ಸೌಲಭ್ಯವಿಲ್ಲ. ಅಲ್ಲಿ ನೆರವಿಗೆ ಬರುವುದು ಥ್ರೆಡ್. ಪ್ರತಿ ಥ್ರೆಡ್ಡಿಗೂ ತನ್ನದೇ ಸ್ಟ್ಯಾಕ್ ಇರುವುದರಿಂದ, ಫಂಕ್ಷನ್ ಎಷ್ಟು ಆಳದಲ್ಲಿ ನಿಂತರೂ ಲೆಕ್ಕ ಹಾಗೆಯೇ ಉಳಿದಿರುತ್ತದೆ.

ನಮ್ಮ ಅಳ್ನಾವರ–ದಾಂಡೇಲಿ ರೈಲು ಮಾರ್ಗ ಒಂಟಿ ಹಳಿಯದು. ಒಂಟಿ ಹಳಿಗಳ ಮೇಲೆ ಹಿಂದೆಲ್ಲ ಟೋಕನ್ ಕೈಗೆ ಬಾರದೆ ಚಾಲಕ ಗಾಡಿ ಬಿಡುವಂತಿರಲಿಲ್ಲ. ಇಲ್ಲಿಯೂ ಅದೇ ಕ್ರಮ. ಕೇಳುವ ಥ್ರೆಡ್ ಟೋಕನ್ ಕೊಟ್ಟು ತಾನು ನಿಲ್ಲಬೇಕು. ಕೊಡುವ ಥ್ರೆಡ್ ಒಂದು ಹೆಸರನ್ನೂ ಟೋಕನ್ನನ್ನೂ ಹಿಂದಿರುಗಿಸಿ ತಾನು ನಿಲ್ಲಬೇಕು. ಎರಡು ಸೆಮಫೋರ್‌ಗಳಿಂದ ಇದನ್ನು ಮಾಡಬಹುದು. ಬರೀ ಒಂದು ಕ್ಯೂ ಸಾಲದೇ ಎಂದು ಕೇಳುತ್ತೀರಿ. ಸಾಲದು. ಹೆಸರನ್ನು ಕ್ಯೂಗೆ ಹಾಕಿದ ಥ್ರೆಡ್ ನಿಲ್ಲದೆ ಮುಂದಿನದನ್ನು ಹುಡುಕಲು ಹೊರಡುತ್ತದೆ. ಆಗ ಎರಡು ಗಾಡಿಗಳೂ ಒಂದೇ ಹಳಿಯ ಮೇಲೆ!

ನಿಜವಾದ ಅಪಾಯ ಬೇರೆಯೇ ಇದೆ. ಹತ್ತು ಹೆಸರು ಸಾಕೆಂದು ನೀವು ಲೂಪಿನಿಂದ ಹೊರಬಂದಿರಿ. ಅದನ್ನು ಕೊಡುವ ಥ್ರೆಡ್ಡಿಗೆ ಹೇಳಿದವರು ಯಾರು? ಅದು ಟೋಕನ್‌ಗಾಗಿ ಕಾಯುತ್ತಲೇ ಇರುತ್ತದೆ. ಮೇನ್ ಮುಗಿದರೂ ಪ್ರೋಗ್ರಾಂ ಮುಗಿಯುವುದಿಲ್ಲ. ಡೀಮನ್ ಎಂದು ಗುರುತು ಹಾಕಿದರೆ ಮುಗಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ನಡೆಯುವ ಸರ್ವರ್‌ನಲ್ಲಿ ಇಂಥ ಅನಾಥ ಥ್ರೆಡ್‌ಗಳು ಗುಡ್ಡೆ ಬೀಳುತ್ತವೆ. ಕಾಯುತ್ತ ನಿಂತ ಥ್ರೆಡ್ಡನ್ನು ಗಾರ್ಬೇಜ್ ಕಲೆಕ್ಟರ್ ಮುಟ್ಟುವುದಿಲ್ಲ. ಆದ್ದರಿಂದ ಇಟರೇಟರ್‌ಗೆ ಒಂದು ಕ್ಲೋಸ್ ಬರೆಯಿರಿ, ಅದರೊಳಗೆ ಥ್ರೆಡ್ಡನ್ನು ಇಂಟರಪ್ಟ್ ಮಾಡಿ, ಫೈನಲಿಯಲ್ಲಿ ಅದನ್ನು ತಪ್ಪದೆ ಕರೆಯಿರಿ. ಕೊಡುವ ಥ್ರೆಡ್‌ನಲ್ಲಿ ಎಕ್ಸೆಪ್ಷನ್ ಬಂದರೆ ಅದನ್ನೂ ಹಿಡಿದು ಕೇಳುವವನ ಕಡೆಗೆ ದಾಟಿಸಬೇಕು. ಇಲ್ಲವಾದರೆ ಕೇಳುವವನು ಬಾರದ ಹೆಸರಿಗಾಗಿ ಕಾದು ಕೂರುತ್ತಾನೆ.

ಬೀಗದ ತೊಡಕು ಇನ್ನೂ ಸೂಕ್ಷ್ಮ. ಜಾವಾದಲ್ಲಿ ಸಿಂಕ್ರೊನೈಸ್ಡ್ ಬೀಗ ಥ್ರೆಡ್ಡಿನ ಸ್ವತ್ತು. ಪಟ್ಟಿಯ ಬೀಗ ಹಿಡಿದುಕೊಂಡೇ ನೀವು ಮುಂದಿನ ಹೆಸರು ಕೇಳಿದಿರಿ ಎನ್ನಿ. ಆ ಹೆಸರು ತೆಗೆಯಲು ಕೊಡುವ ಥ್ರೆಡ್ಡಿಗೂ ಅದೇ ಬೀಗ ಬೇಕು. ಒಂದೇ ಥ್ರೆಡ್ ಆಗಿದ್ದರೆ ಸಲೀಸಾಗಿ ಒಳಹೋಗುತ್ತಿತ್ತು. ಈಗ ಇಬ್ಬರೂ ಪರಸ್ಪರ ಕಾಯುತ್ತ ನಿಲ್ಲುತ್ತಾರೆ.

2023ರ ಜಾವಾ 21ರಲ್ಲಿ ಬಂದ ವರ್ಚುವಲ್ ಥ್ರೆಡ್‌ಗಳು ಬಹಳ ಹಗುರ. ಪ್ರತಿ ಇಟರೇಟರ್‌ಗೂ ಒಂದರಂತೆ ಸಾವಿರಾರು ಇಟ್ಟರೂ ಮೊದಲಿನಷ್ಟು ಭಾರವಾಗದು. ಬೀಗದ ತೊಡಕು ಮಾತ್ರ ಅಲ್ಲಿಯೂ ಹಾಗೆಯೇ ಇದೆ.