ಖಾಪರಖೇಡಾದ ಬಿಸಿಲಲ್ಲಿ ಸ್ನೋ ಚೈನ್

ಮೊದಲು ಸ್ಕ್ರೀನ್ ಮೇಲಿರೋ ಫೋಟೋ ನೋಡಿ. ಒಂದು ಎಸ್‌ಯುವಿ ನಿಂತಿದೆ. ನಾಲ್ಕೂ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಿದೆ. ಹಿಂದುಗಡೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ಚಕ್ರದ ಪಕ್ಕ ಕೂತಿರೋಳು ನಮ್ಮ ಅಕ್ಕನ ಮಗಳು, ಕೈಗೆ ಉಣ್ಣೆಯ ಗ್ಲೌಸ್ ಹಾಕ್ಕೊಂಡಿದಾಳೆ. ಅವತ್ತು ಅಲ್ಲಿ 44 ಡಿಗ್ರಿ ಬಿಸಿಲು. ಆಫೀಸ್ ಗ್ರೂಪಿಗೆ ಈ ಫೋಟೋ ಹಾಕಿದಾಗ ಮೊದಲು ಬಂದ ಪ್ರಶ್ನೆ, "ಎಐ ಇಂದ ಮಾಡಿಸಿದ್ಯಾ?" ಅಂತ. ಇಲ್ಲ, ನಿಜವಾದ ಫೋಟೋನೇ. ಇಪ್ಪತ್ತು ನಿಮಿಷದಲ್ಲಿ ಇವತ್ತು ಹೇಳೋಕೆ ಹೊರಟಿರೋದು ಈ ಫೋಟೋ ಯಾಕೆ ತೆಗೀಬೇಕಾಯ್ತು ಅನ್ನೋದನ್ನ.

ಖಾಪರಖೇಡಾ ಅಂದ್ರೆ ನಾಗಪುರದಿಂದ ಉತ್ತರಕ್ಕೆ, ಕೊರಾಡಿ ದಾಟಿ ಸ್ವಲ್ಪ ದೂರ. 1,340 ಮೆಗಾವಾಟಿನ ವಿದ್ಯುತ್ ಸ್ಥಾವರ, ಸುತ್ತ ಕಲ್ಲಿದ್ದಲ ಗಣಿ, ಹಾರುಬೂದಿ. ನಮ್ಮ ಭಾವ ಅಲ್ಲಿ ಎಂಜಿನಿಯರ್. ನಮ್ಮದು ಕಲಬುರಗಿ. ಅಕ್ಕ ಮದುವೆಯಾಗಿ ಅಲ್ಲಿಗೆ ಹೋಗಿ ಹದಿನೆಂಟು ವರ್ಷ ಆಯ್ತು. ಆ ಊರಿಗೂ ಹಿಮಕ್ಕೂ ಏನು ಸಂಬಂಧ ಅಂತ ಕೇಳಿದ್ರೆ, ಒಂದು ರಸ್ತೆ. ಕಾಮಠಿ, ಕನ್ಹಾನ್ ಕಡೆಯಿಂದ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಸೇರಿದ್ರೆ, ಅದೇ ರಸ್ತೆ ನೇರವಾಗಿ ಶ್ರೀನಗರಕ್ಕೆ ಹೋಗುತ್ತೆ. ಕನ್ಯಾಕುಮಾರಿಯಿಂದ ಬರೋ ರಸ್ತೆ ಅದು. ಬೆಂಗಳೂರಲ್ಲಿ ನಾನು ದಿನಾ ಸಿಕ್ಕಿಹಾಕಿಕೊಳ್ಳೋ ಹೆಬ್ಬಾಳದ ಟ್ರಾಫಿಕ್ಕೂ ಅದರದ್ದೇ. ನಾಗಪುರದಿಂದ ಶ್ರೀನಗರಕ್ಕೆ ಸುಮಾರು 1,900 ಕಿ.ಮೀ. ಅಲ್ಲಿಂದ ಐವತ್ತು ಕಿ.ಮೀ. ಹೋದ್ರೆ ಗುಲ್ಮಾರ್ಗ್.

ನಮ್ಮ ಹುಡುಗಿ ಕಾಲೇಜಿನ ರಜೆಯಲ್ಲಿ ಗುಲ್ಮಾರ್ಗಿಗೆ ಹೋಗಿ ಸ್ಕೀಯಿಂಗ್ ಕೋರ್ಸ್ ಮಾಡಿ ಬಂದ್ಲು. ಆಮೇಲೆ ಸೆಕೆಂಡ್ ಹ್ಯಾಂಡಲ್ಲಿ ಒಂದು ಜೊತೆ ಸ್ಕೀ, ಬೂಟು ತಗೊಂಡ್ಲು. ಹೋದ ವರ್ಷ ಜನವರಿಯಲ್ಲಿ "ಎಲ್ಲರೂ ಕಾರಲ್ಲೇ ಹೋಗೋಣ" ಅಂತ ಹಟ ಹಿಡಿದ್ಲು. ಭಾವನಿಗೆ ಗಾಡಿ ಸಿಂಗರಿಸೋಕೆ ಒಂದು ನೆಪ ಬೇಕಿತ್ತು. ನನಗೂ ಬೇಕಿತ್ತು ಅಂತ ಒಪ್ಕೋತೀನಿ. ಮೂರು ವಾರ ವಿಡಿಯೋ ನೋಡಿದ್ವಿ, ಎಕ್ಸೆಲ್ ಶೀಟ್ ಮಾಡಿದ್ವಿ. ಹಾಗೂ ಎರಡು ದೊಡ್ಡ ತಪ್ಪು ಮಾಡಿದ್ವಿ.

ಮೊದಲನೇದು ಟಯರ್. ಕಂಪನಿಯಿಂದ ಬಂದಿದ್ದು ಹೈವೇ ಟಯರ್. ಅದನ್ನ ಕಳಚಿ ದಪ್ಪ ದಪ್ಪ ಗಟ್ಟಿಗಳಿರೋ ಆಲ್-ಟೆರೇನ್ ಟಯರ್ ಹಾಕಿಸಿದ್ವಿ, ಅದೂ ಒಂದು ಸೈಜ್ ದೊಡ್ಡದು. ಅಂಗಡಿಯವನು "ಇದು ಬರ್ಫ್‌ನಲ್ಲೂ ಓಡುತ್ತೆ" ಅಂದ. ಪಕ್ಕದಲ್ಲಿ ಎಂ ಪ್ಲಸ್ ಎಸ್ ಅಂತ ಬರೆದಿತ್ತು, ಮಡ್ ಅಂಡ್ ಸ್ನೋ. ನಾನು ಎಂಟೆಕ್ ಮಾಡಿದವನು, ಅಕ್ಷರ ಓದಿ ನಂಬಿದೆ. ಆಮೇಲೆ ಗೊತ್ತಾಗಿದ್ದು: ಎಂ ಪ್ಲಸ್ ಎಸ್ ಅಂತ ಬರೆಯೋಕೆ ಹಿಮದ ಮೇಲೆ ಯಾವ ಪರೀಕ್ಷೆಯೂ ಬೇಕಿಲ್ಲ. ಟ್ರೆಡ್‌ನ ಗಾಡಿಗಳು ಇಷ್ಟು ಅಗಲ, ಇಷ್ಟು ಖಾಲಿ ಜಾಗ ಇದ್ರೆ ಸಾಕು. ನಿಜವಾಗಿ ಹಿಮದ ಮೇಲೆ ಓಡಿಸಿ, ಒಂದು ಮಾನಕ ಟಯರಿನ ಜೊತೆ ಹೋಲಿಸಿ ಪಾಸಾದ ಟಯರಿಗೆ ಬೇರೆ ಗುರುತಿದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಟಯರ್ ತಗೊಳ್ಳುವಾಗ ಆ ಚಿತ್ರ ಹುಡುಕಿ. ಒಂದೇ ಮಾಡೆಲ್‌ನಲ್ಲಿ ಒಂದು ಸೈಜಿಗೆ ಗುರುತಿರುತ್ತೆ, ಇನ್ನೊಂದಕ್ಕೆ ಇರಲ್ಲ. ಹಾಗಾಗಿ ಫೋಟೋ ನೋಡಿ ಆರ್ಡರ್ ಮಾಡಬೇಡಿ. ಟಯರ್ ಮುಂದೆ ಕೂತು, ಕೈಯಿಂದ ಸವರಿ ನೋಡಿ, ಆಮೇಲೆ ದುಡ್ಡು ಕೊಡಿ. ಅಲ್ಲೇ ನಾಲ್ಕಂಕಿಯ ತಾರೀಖೂ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಹಳೇ ರಬ್ಬರ್ ಗಟ್ಟಿಯಾಗಿರುತ್ತೆ.

ರಬ್ಬರ್ ವಿಷಯ ಇಲ್ಲಿ ಮುಖ್ಯ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ್ರೆ ಮಾಮೂಲಿ ಟಯರಿನ ರಬ್ಬರ್ ಬಿರುಸಾಗುತ್ತೆ, ರಸ್ತೆಗೆ ಕಚ್ಚಲ್ಲ. ಚಳಿಗಾಲದ ಟಯರಿನ ರಬ್ಬರೇ ಬೇರೆ, ಶೀತದಲ್ಲೂ ಮೆತ್ತಗಿರುತ್ತೆ, ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳು. ಹಾಗಾದ್ರೆ ಅದನ್ನೇ ಹಾಕ್ಕೊಂಡ್ರಾಯ್ತಲ್ಲ? ಹಾಕ್ಕೋಬಹುದು, ನೀವು ಶ್ರೀನಗರದಲ್ಲೇ ಇದ್ರೆ. ನಾಗಪುರದಿಂದ ಹೊರಟು ಸಿವನಿ, ಸಾಗರ, ಝಾನ್ಸಿ, ಗ್ವಾಲಿಯರ್ ಅಂತ ಬಿಸಿ ಡಾಂಬರಿನ ಮೇಲೆ ಹೋಗಿ ಬರೋಷ್ಟರಲ್ಲಿ ಆ ಮೆತ್ತಗಿನ ರಬ್ಬರ್ ಸವೆದು ಹೋಗುತ್ತೆ. ಕೊನೇ 13 ಕಿ.ಮೀ.ಗೋಸ್ಕರ ಸಾವಿರಾರು ಕಿ.ಮೀ. ತಪ್ಪು ಟಯರಲ್ಲಿ ಓಡಿಸಿದ ಹಾಗೆ.

ಎರಡನೇ ತಪ್ಪು ತಲೆ ಮೇಲಿತ್ತು. ಭಾವ ಅಲ್ಲೇ ವೆಲ್ಡಿಂಗ್ ಮಾಡೋರ ಹತ್ರ ಒಂದು ಕಬ್ಬಿಣದ ಕ್ಯಾರಿಯರ್ ಮಾಡಿಸಿದ್ರು. ನೋಡೋಕೆ ಭರ್ಜರಿ. ಗಾಡಿಯ ಮ್ಯಾನುಯಲ್‌ನಲ್ಲಿ ಛಾವಣಿ ಮೇಲೆ ಗರಿಷ್ಠ 75 ಕಿಲೋ ಅಂತಿತ್ತು. ಸ್ಕೀ ಜೊತೆ ಆರು ಕಿಲೋ, ಬ್ಯಾಗ್, ಬೂಟು, ಎರಡು ಟ್ರಂಕು, ಎಲ್ಲಾ ಸೇರಿ 60 ಅಂತ ಲೆಕ್ಕ ಹಾಕಿದೆ. ಆದ್ರೆ ಆ 75ರಲ್ಲಿ ಕ್ಯಾರಿಯರಿನ ತೂಕವೂ ಸೇರಿರುತ್ತೆ ಅನ್ನೋ ಸಾಲು ಅದೇ ಪುಟದ ಕೆಳಗೆ ಇತ್ತು. ಅದನ್ನ ಓದಿದ್ದು ವಾಪಸ್ ಬಂದ ಮೇಲೆ. ಬಚ್ಚಲಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿದ್ರೆ ಕ್ಯಾರಿಯರೊಂದೇ 28 ಕಿಲೋ! ಮೇಲಾಗಿ ನನ್ನ ಲೆಕ್ಕದಲ್ಲಿ ಅಕ್ಕನ ಖಡಕ್ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿ, ಸಂಬಂಧಿಕರಿಗೆ ಅಂತ ಹಾಕಿದ್ದ ಸಂತ್ರಾ ಪೆಟ್ಟಿಗೆ ಇರಲೇ ಇಲ್ಲ. ಹೆಚ್ಚುಕಮ್ಮಿ ನೂರು ಕಿಲೋ ಹೊತ್ಕೊಂಡು ಹೋಗಿದ್ವಿ. ಸಾಗರ ದಾಟೋಷ್ಟರಲ್ಲಿ ಅದು ಶಿಳ್ಳೆ ಹೊಡೆಯೋಕೆ ಶುರು ಮಾಡ್ತು. ಇಳಿದು ನೋಡಿದ್ರೆ ಎರಡು ಬೋಲ್ಟ್ ಸಡಿಲ. ಹೊಸ ಕ್ಯಾರಿಯರ್ ಹಾಕಿದ ಮೇಲೆ ಮೊದಲ ನೂರು ಕಿ.ಮೀ. ಒಳಗೆ ಒಂದ್ಸಲ ನಿಲ್ಲಿಸಿ ಬಿಗಿ ಮಾಡಬೇಕು ಅನ್ನೋದು ಲಾರಿ ಓಡಿಸೋ ಯಾರನ್ನ ಕೇಳಿದ್ರೂ ಹೇಳ್ತಾರೆ. ನಾವು ಕೇಳಿರಲಿಲ್ಲ.

ಹೋಗೋ ದಾರಿ ಬಗ್ಗೆ ಹೆಚ್ಚು ಹೇಳಲ್ಲ. ಬನಿಹಾಲ್–ಖಾಜಿಗುಂಡ್ ಸುರಂಗ ಮಾತ್ರ ಮರೆಯಕ್ಕಾಗಲ್ಲ. ಎಂಟೂವರೆ ಕಿ.ಮೀ. ಉದ್ದ. ನಾವು ಒಳಗೆ ಹೋಗುವಾಗ ಒಣ ಬೆಟ್ಟ, ಆ ಕಡೆ ಹೊರಗೆ ಬಂದ್ರೆ ಎಲ್ಲಾ ಬೆಳ್ಳಗೆ. ಅಕ್ಕ ಅಳೋಕೆ ಶುರು ಮಾಡಿದ್ಲು, ಖುಷಿಗೆ.

ತಂಗ್‌ಮಾರ್ಗ್‌ನಿಂದ ಮೇಲೆ 13 ಕಿ.ಮೀ. ಘಾಟಿ. ಹಿಮ ಜೋರಾಗಿದ್ರೆ ಅಲ್ಲಿ ಗಾಡಿ ನಿಲ್ಲಿಸಿ, ಚೈನ್ ಅಥವಾ ಫೋರ್ ಬೈ ಫೋರ್ ಇದೆಯಾ ಅಂತ ನೋಡಿ ಬಿಡ್ತಾರೆ. ನಾವು ಹೋದ ದಿನ ಆಕಾಶ ತಿಳಿಯಾಗಿತ್ತು. ಬಾಡಿಗೆಗೆ ಚೈನ್ ಕೊಡೋರು ಗಾಡಿ ಸುತ್ತ ಬಂದ್ರು. ಭಾವ ಕಿಟಕಿ ಇಳಿಸಿ ನನ್ನ ಕಡೆ ನೋಡಿ, "ಫೋರ್ ಬೈ ಫೋರ್ ಅದ, ಚೈನ್ ಯಾಕ್ ಬೇಕಲೇ?" ಅಂದ್ರು. ನಾನೂ ಹೂಂ ಅಂದೆ.

ಎರಡು ದಿನ ಚೆನ್ನಾಗಿತ್ತು. ಮೂರನೇ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಇಳಿಯೋಕೆ ಹೊರಟ್ವಿ. ಸ್ಪೀಡೋಮೀಟರ್ 20 ತೋರಿಸ್ತಿತ್ತು. ಟಯರ್ ದೊಡ್ಡದಾದ್ರೆ ಅದು ನಿಜಕ್ಕಿಂತ ಕಮ್ಮಿ ತೋರಿಸುತ್ತೆ ಅನ್ನೋದು ಇನ್ನೊಂದು ವಿಷಯ. ಒಂದು ತಿರುವಿನಲ್ಲಿ ಮುಂದೆ ಕುದುರೆ ಬಂತು, ಭಾವ ಬ್ರೇಕ್ ಒತ್ತಿದ್ರು. ಪೆಡಲ್ ಕಟಕಟ ಅಂತ ನಡುಗ್ತು, ಗಾಡಿ ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದ್ರು, ಗಾಡಿ ತಿರುಗಲಿಲ್ಲ. ಸುಮ್ನೆ, ಸದ್ದಿಲ್ಲದೆ ಹೋಗ್ತಾನೇ ಇತ್ತು. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ಬಲಕ್ಕೆ ಹೋಗಿ ಹಿಮದ ದಿಬ್ಬಕ್ಕೆ ಗುದ್ದಿ ನಿಂತ್ವಿ. ಎಡಕ್ಕೂ ಹೋಗಬಹುದಿತ್ತು. ಅದನ್ನ ತೀರ್ಮಾನ ಮಾಡಿದ್ದು ನಾವಲ್ಲ. ನಿಂತ ಮರುಕ್ಷಣ ಮೇಲಿನ ಒಂದು ಟ್ರಂಕು ಜಾರಿ ಬಾನೆಟ್ ಮೇಲೆ ಬಿತ್ತು, ಗಾಜು ಸೀಳಿತು. ಹಗ್ಗವನ್ನ ನಾವು ಅಡ್ಡ ಮಾತ್ರ ಕಟ್ಟಿದ್ವಿ. ಮುಂದಕ್ಕೆ ಜಾರದ ಹಾಗೆ ಹಿಂದಿನಿಂದ ಎಳೆದು ಕಟ್ಟಿರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಹಿಂದೆ ಬಂದ ಟ್ಯಾಕ್ಸಿಯವರು ಇಳಿದು ಬಂದು, ಬಗ್ಗಿ ಟಯರಿಗೆ ಉಗುರು ಚುಚ್ಚಿ ನೋಡಿ, "ಯೇ ತೋ ಗರ್ಮೀ ಕಾ ಟಯರ್ ಹೈ" ಅಂದ್ರು. ತಮ್ಮ ಹತ್ರ ಇದ್ದ ಇನ್ನೊಂದು ಜೊತೆ ಚೈನ್ ತಂದ್ರು. ಅಲ್ಲಿ ನಮ್ಮ ದೊಡ್ಡ ಸೈಜಿನ ಕಥೆ ಮುಗೀತು. ಚೈನ್ ಮುಚ್ಚಿಕೊಳ್ಳಲೇ ಇಲ್ಲ. ಎಳೆದು ಹಾಕಿದ್ರೂ, ಅಗಲದ ಟಯರಿಗೂ ಒಳಗಿನ ಸಸ್ಪೆನ್ಷನ್‌ಗೂ ಮಧ್ಯೆ ಬೆರಳು ತೂರೋಷ್ಟೂ ಜಾಗ ಇಲ್ಲ. ತಿರುಗಿಸಿದ್ರೆ ಬ್ರೇಕ್ ಪೈಪನ್ನೇ ಹರಿದುಹಾಕುತ್ತೆ. ಅಕ್ಕ, ಹುಡುಗಿ ಅವರ ಟ್ಯಾಕ್ಸಿಯಲ್ಲಿ ಇಳಿದ್ರು. ನಾನು, ಭಾವ ಮಧ್ಯಾಹ್ನ ರಸ್ತೆ ಸ್ವಚ್ಛ ಆಗೋವರೆಗೆ ಅಲ್ಲೇ ಕೂತು ರೊಟ್ಟಿ ತಿಂದ್ವಿ. ಭಾವ ಎರಡು ಗಂಟೆ ಮಾತಾಡಲಿಲ್ಲ. ಆಮೇಲೆ "ನಿಂತ್ಕೊಳ್ಳಾಕ ನಾಲ್ಕು ಚಕ್ರಕ್ಕೂ ಬ್ರೇಕ್ ಎಲ್ಲಾ ಗಾಡಿಗೂ ಇರ್ತದ ಅಲ್ಲಾ?" ಅಂದ್ರು. ಅದೇ ವಿಷಯ. ಫೋರ್ ಬೈ ಫೋರ್ ಇರೋದು ಮುಂದಕ್ಕೆ ಹೋಗೋಕೆ. ನಿಲ್ಲೋ ವಿಷಯದಲ್ಲಿ ನಮ್ಮ ಗಾಡಿಗೂ ಒಂದು ಆಲ್ಟೋಗೂ ವ್ಯತ್ಯಾಸ ಇರೋದು ರಬ್ಬರಿನಲ್ಲಿ.

ಈ ಸ್ಲೈಡ್‌ನಲ್ಲಿ ಒಂದು ಲೆಕ್ಕ ಇದೆ, ಪಿಯುಸಿ ಫಿಸಿಕ್ಸ್. 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದ್ರೆ ಒಣ ಡಾಂಬರಿನ ಮೇಲೆ, ಘರ್ಷಣಾಂಕ 0.7 ಅಂತ ಹಿಡಿದ್ರೆ, 9 ಮೀಟರಿಗೆ ನಿಲ್ಲುತ್ತೆ. ಒತ್ತಿದ ಹಿಮ 0.2, ಅಲ್ಲಿ 31 ಮೀಟರ್. ಮಂಜುಗಡ್ಡೆ 0.1, ಅಂದ್ರೆ 63 ಮೀಟರ್. ಗಮನಿಸಿ, ಈ ಸೂತ್ರದಲ್ಲಿ ಗಾಡಿಯ ತೂಕ ಇಲ್ಲ, ಹಾರ್ಸ್‌ಪವರ್ ಇಲ್ಲ. ಇಳಿಜಾರನ್ನ ನಾನಿನ್ನೂ ಸೇರಿಸಿಲ್ಲ.

ಗಾಳಿ ಬಗ್ಗೆ ಒಂದು ಮಜಾ. 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿ ಮೈನಸ್ 5ಕ್ಕೆ ಹೋದ್ರೆ ಸುಮಾರು ಐದೂವರೆ ಪಿಎಸ್‌ಐ ಇಳಿಯುತ್ತೆ. ಇದನ್ನ ಎಲ್ಲರೂ ಹೇಳ್ತಾರೆ. ಆದ್ರೆ ಗುಲ್ಮಾರ್ಗ್ ಇರೋದು 2,650 ಮೀಟರ್ ಎತ್ತರದಲ್ಲಿ, ಹೊರಗಿನ ಗಾಳಿಯ ಒತ್ತಡವೇ ಅಲ್ಲಿ ಕಮ್ಮಿ. ಗೇಜು ತೋರಿಸೋದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ, ಹಾಗಾಗಿ ನಾಲ್ಕು ಪಿಎಸ್‌ಐ ವಾಪಸ್ ಸಿಗುತ್ತೆ. ಮೇಲೆ ಹೋದ್ರೆ ಗೇಜು 31, 32 ತೋರಿಸುತ್ತೆ. ಗಾಳಿ ಕಮ್ಮಿ ಕಾಣೋದು ಜಮ್ಮುವಿನ ಬೆಳಗಿನ ಜಾವದ ಚಳಿಯಲ್ಲಿ. ಅಲ್ಲಿ ತಣ್ಣಗಿರೋ ಟಯರಲ್ಲಿ ಚೆಕ್ ಮಾಡಿ, ಸಾಕು.

ಈಗ ಗಾಡಿ ಹೇಗಿದೆ? ಕಬ್ಬಿಣದ ಕ್ಯಾರಿಯರ್ ಭಾವನ ಮನೆ ಮಾಳಿಗೆ ಮೇಲೆ ಟೊಮೆಟೊ ಬಳ್ಳಿ ಹೊತ್ಕೊಂಡಿದೆ. ಅದರ ಜಾಗಕ್ಕೆ ಎರಡು ಅಲ್ಯೂಮಿನಿಯಂ ಅಡ್ಡಪಟ್ಟಿ, ಅದರ ಮೇಲೆ ಸ್ಕೀ ಕಚ್ಚಿಹಿಡಿಯೋ ಕ್ಲಾಂಪು. ಮೇಲೆ ಹೋಗೋದು ಸ್ಕೀ ಮಾತ್ರ, ತುದಿ ಹಿಂದಕ್ಕೆ ಮುಖ ಮಾಡಿ. ಮುಂದಕ್ಕಿದ್ರೆ ಬಾಗಿದ ತುದಿಯ ಕೆಳಗೆ ಗಾಳಿ ನುಗ್ಗಿ ಎತ್ತುತ್ತೆ. ಖಾಪರಖೇಡಾದಿಂದ ಹೊರಡೋರಿಗೆ ಇನ್ನೊಂದು ತಲೆನೋವು, ಬೂದಿ. ಸ್ಕೀ ಬೈಂಡಿಂಗ್‌ನ ಸ್ಪ್ರಿಂಗ್ ಒಳಗೆ ಅದು ಕೂತ್ರೆ, ಬಿದ್ದಾಗ ಬೂಟು ಬಿಡಬೇಕಾದ ಯಂತ್ರ ಬಿಡಲ್ಲ, ಕಾಲು ಮುರಿಯುತ್ತೆ. ಅದಕ್ಕೇ ಬೈಂಡಿಂಗಿಗೆ ಕವರ್. ನಿಮ್ಮದೇ ಸ್ಕೀ ಇಲ್ಲದಿದ್ರೆ ದಯವಿಟ್ಟು ರ್ಯಾಕೇ ತಗೋಬೇಡಿ, ಗುಲ್ಮಾರ್ಗ್‌ನಲ್ಲಿ ಎಲ್ಲಾ ಬಾಡಿಗೆಗೆ ಸಿಗುತ್ತೆ.

ಟಯರ್ ಮತ್ತೆ ಮೂಲ ಸೈಜಿಗೇ ಬಂತು, ಈ ಸಲ ಹಿಮದ ಹರಳಿನ ಗುರುತಿರೋ ಆಲ್-ಟೆರೇನ್. ಕಾನೂನಿನ ಕಡೆಯಿಂದ ನೋಡಿದ್ರೂ ಅದೇ ಸರಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರೆಡ್ 1.6 ಮಿ.ಮೀ. ಇದ್ರೆ ಕಾನೂನಿಗೆ ಸಾಕು, ಹಿಮಕ್ಕೆ ಸಾಲಲ್ಲ. ನಾಲ್ಕಕ್ಕಿಂತ ಕಮ್ಮಿ ಆದ್ರೆ ನಾವು ಹೊರಡಲ್ಲ.

ಮತ್ತೆ ಎರಡು ಜೊತೆ ಚೈನ್. ಮುಂದಿನ ಚಕ್ರಕ್ಕೆ ಹಾಕೋಕೆ ಕೆಲವು ಗಾಡಿಯಲ್ಲಿ ಜಾಗ ಇರಲ್ಲ, ನಿಮ್ಮ ಮ್ಯಾನುಯಲ್ ಏನು ಹೇಳುತ್ತೋ ಅದನ್ನೇ ಕೇಳಿ. ಬರೀ ಮುಂದೆ ಹಾಕಿ ಇಳಿಯುವಾಗ ಬ್ರೇಕ್ ಒತ್ತಿದ್ರೆ ಹಿಂಭಾಗ ಸುತ್ತಿಕೊಂಡು ಬರಬಹುದು. ಹಾಕಿದ ಮೇಲೆ ನೂರಿನ್ನೂರು ಮೀಟರ್ ಹೋಗಿ ಇನ್ನೊಂದ್ಸಲ ಬಿಗಿ ಮಾಡಬೇಕು, ನಿಧಾನವಾಗೇ ಓಡಿಸಬೇಕು, ಹಿಮ ಮುಗಿದ ತಕ್ಷಣ ತೆಗೀಬೇಕು. ಇದೆಲ್ಲಾ ವಿಡಿಯೋ ನೋಡಿದ್ರೆ ಸುಲಭ. ಬೆರಳು ಮರಗಟ್ಟಿದಾಗ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೀತಿರುವಾಗ ಸುಲಭ ಅಲ್ಲ.

ಅದಕ್ಕೇ ಆ ಫೋಟೋ. ಮೇ ತಿಂಗಳಲ್ಲಿ ಅಕ್ಕನ ಮನೆಗೆ ಹೋದಾಗ, ಕಾಲೋನಿಯ ಮಣ್ಣಿನ ಮೈದಾನದಲ್ಲಿ ಗ್ಲೌಸ್ ಹಾಕ್ಕೊಂಡು ಅಭ್ಯಾಸ ಮಾಡಿದ್ವಿ. ನಾಲ್ಕೂ ಚಕ್ರಕ್ಕೆ ಹಾಕೋಕೆ ಮೊದಲ ಸಲ ನನಗೆ 41 ನಿಮಿಷ ಬೇಕಾಯ್ತು. ಸರಪಳಿ ಬಿಸಿಲಿಗೆ ಕಾದು ಕೈ ಸುಡ್ತಿತ್ತು. ಸುತ್ತ ಹುಡುಗರು ನಿಂತು ನಗ್ತಿದ್ರು. ಒಬ್ಬರು ಅಜ್ಜಿ ಬಂದು ಗಾಡಿಗೆ ಏನು ಹರಕೆ ಅಂತ ಮರಾಠಿಯಲ್ಲಿ ಕೇಳಿದ್ರು. ಭಾನುವಾರದ ಹೊತ್ತಿಗೆ ನಾನು 16 ನಿಮಿಷಕ್ಕೆ ಬಂದೆ, ಭಾವ 14. ಹುಡುಗಿ 11. "ಮಾಮಾ, ಈ ಸಲ ಘಾಟಿಯೊಳಗ ನೀವಿಬ್ರೂ ಒಳಗ ಕೂಡ್ರಿ, ನಾನ ಹಾಕ್ತೀನಿ" ಅಂದಿದಾಳೆ.

ಜನವರಿ ಎರಡನೇ ವಾರ ಹೊರಡ್ತೀವಿ. ಸಂತ್ರಾ ಪೆಟ್ಟಿಗೆ ಈ ಸಲ ಡಿಕ್ಕಿಯಲ್ಲಿ, ಸೀಟಿಗೆ ಒತ್ತಿ, ಬೆಲ್ಟ್ ಕಟ್ಟಿ. ಅದನ್ನ ಬಿಟ್ಟು ಬರೋಕೆ ಅಕ್ಕ ಒಪ್ಪಲಿಲ್ಲ.