ವಸಂತ ಮೂನ್ ಬರೆದಿಟ್ಟ ಕೇರಿ
(ಸಭೆಯಲ್ಲಿ ಆಡಿದ ಮಾತು)



ಬಾಬಾಸಾಹೇಬರಿಗೆ ಮುಂಚೆ ನಮ್ಮವರು ಸುಮ್ಮನೆ ಕೂತಿದ್ದರು ಅನ್ನೋರಿದ್ದಾರೆ. ನಾಗಪುರದ ಕೇರಿಯಲ್ಲಿ 1932ರಲ್ಲಿ ಹುಟ್ಟಿದ ವಸಂತ ಮೂನರನ್ನು ಓದಿದರೆ ಆ ಮಾತು ನಿಲ್ಲೋದಿಲ್ಲ. ಅಂಬೇಡ್ಕರ್‌ಪೂರ್ವ ಮಧ್ಯಪ್ರಾಂತ್ಯದ ದಲಿತ ಚಳವಳಿ ಕುರಿತೇ ಅವರು ಮರಾಠಿಯಲ್ಲಿ ಪುಸ್ತಕ ಬರೆದರು. ಅದೇ ನಾಗಪುರದಲ್ಲಿ ಕಿಸನ್ ಫಾಗೂಜಿ ಬನಸೋಡೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದು, ಸ್ವಂತ ಪ್ರೆಸ್ ಹಾಕಿ ಪತ್ರಿಕೆ ನಡೆಸಿದ್ದರು. 1920ರ 'ಮೂಕನಾಯಕ'ಕ್ಕೂ ಮೊದಲೇ. ನಮ್ಮ ಈ ಸೈಕ್ಲೋಸ್ಟೈಲ್ ಹಾಳೆಗೆ ಹಿರಿಯಣ್ಣ ಅನ್ನಿ!

ಮೂನ್ ಸರ್ಕಾರಿ ಅಧಿಕಾರಿ. 1979ರಿಂದ ಹೊರಬಂದ ಅಂಬೇಡ್ಕರ್ ಬರಹ-ಭಾಷಣ ಸಂಪುಟಗಳನ್ನು ಸಂಪಾದಿಸಿದವರು. ಅಷ್ಟಕ್ಕೇ ನಿಲ್ಲದೆ, ತಾವು ಬೆಳೆದ ಕೇರಿಯನ್ನೂ, ಸಮತಾ ಸೈನಿಕ ದಳದ ಹುಡುಗರನ್ನೂ 'ವಸ್ತಿ'ಯಲ್ಲಿ ಬರೆದಿಟ್ಟೇ 2002ರಲ್ಲಿ ತೀರಿಕೊಂಡರು.

ನಮ್ಮ ಕಡೆ? 1973ರ ಬೂಸಾ ಗಲಾಟೆಯ ಕರಪತ್ರಗಳು ಯಾರ ಟ್ರಂಕಿನಲ್ಲಿವೆಯೋ, ಗೆದ್ದಲು ತಿನ್ನುವ ಮೊದಲು ಮುಂದಿನ ಸಭೆಗೆ ತನ್ನಿ. ನಾವು ಕೂತು ನಕಲು ಮಾಡಿಕೊಳ್ಳುತ್ತೇವೆ.