ಪೆಟ್ಟಿಗೆಯಲ್ಲೇ ಉಳಿದ ಮಳೆ



ಪುಣೆಯ ಶಿವಾಜಿನಗರದಲ್ಲಿ ಬಸ್ಸು ಹಿಡಿಯುವವರಿಗೆ ಸಿಮ್ಲಾ ಆಫೀಸ್ ಅಂದರೆ ಒಂದು ಚೌಕ, ಅಷ್ಟೆ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದು, 1944ರಲ್ಲಿ ದೆಹಲಿಗೆ ಹೋಯಿತು. ಕಡತ ಮಾತ್ರ ಪುಣೆ ಬಿಡಲಿಲ್ಲ. ದೇಶದ ಮಳೆ-ಬಿಸಿಲಿನ ಲೆಕ್ಕ ಇಡುವ ರಾಷ್ಟ್ರೀಯ ದತ್ತಾಂಶ ಕೇಂದ್ರ ಇರುವುದು ಈ ಊರಲ್ಲೇ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅನ್ನಾ ಮಣಿ, 1948ರಲ್ಲಿ ಇಲಾಖೆ ಸೇರಿ ಉಪಕರಣಗಳ ಕೆಲಸಕ್ಕೆ ಕೂತದ್ದೂ ಪುಣೆಯಲ್ಲಿಯೇ.

ಆ ಕಾಲದ ಮಳೆಮಾಪಕದಲ್ಲಿ ಗಡಿಯಾರದ ಲೆಕ್ಕಕ್ಕೆ ತಿರುಗುವ ಉರುಳೆ, ಅದಕ್ಕೆ ಸುತ್ತಿದ ಗೀಟು ಹಾಳೆ, ಶಾಯಿಯ ಮೊನೆ. ಬೆಳಿಗ್ಗೆ ಎಂಟೂವರೆಗೆ ಹಾಳೆ ಬದಲಿಸಬೇಕು. ಹಾಳೆ ಹಳದಿಯಾದರೂ ಈಗಲೂ ಓದಬಹುದು, ಏಕೆಂದರೆ ಗಂಟೆಯೂ ಮಿಲಿಮೀಟರೂ ಅದರ ಮೇಲೆಯೇ ಅಚ್ಚಾಗಿವೆ.

ಈಗ ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಬನ್ನಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಿಲ್ಲಿಸಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಇಂಥ ಪೆಟ್ಟಿಗೆಗೆ ಎರಡು ಕೆಲಸ: ಬರೆದಿಡುವುದು, ಕಳಿಸುವುದು. ನಾವು ಹೊಗಳುವುದು ಎರಡನೆಯದನ್ನು ಮಾತ್ರ. ಆದರೆ ಮಳೆ ಹುಚ್ಚೆದ್ದು ಸುರಿದ ರಾತ್ರಿಯೇ ಟವರ್ ಬೀಳುತ್ತದೆ, ಕರೆಂಟು ಹೋಗುತ್ತದೆ. ಯಾವ ಮಳೆಯ ಲೆಕ್ಕ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅದೇ ಪೆಟ್ಟಿಗೆಯೊಳಗೆ ಉಳಿದುಬಿಡುತ್ತದೆ.

ಅದನ್ನು ತೆಗೆಯಲು ಲ್ಯಾಪ್‌ಟಾಪು, ಕೇಬಲ್ಲು ಹಿಡಿದು ಹೋಗುತ್ತೇವೆ. ಲೆಕ್ಕ ಬರೆದಿಡುವ ಇಂಥ ಪೆಟ್ಟಿಗೆಗೆ ಲಾಗರ್ ಎನ್ನುತ್ತಾರೆ; ಹಲವು ಲಾಗರ್‌ಗಳು ಮಾತಾಡುವುದು ಮಾಡ್‌ಬಸ್‌ನಲ್ಲಿ. ಕಾರ್ಖಾನೆಯ ನಿಯಂತ್ರಕಗಳಿಗಾಗಿ ಮಾಡಿಕಾನ್ ಕಂಪನಿ 1979ರಲ್ಲಿ ರೂಪಿಸಿದ ಪದ್ಧತಿ ಅದು. ಒಳಗಿರುವುದು ರಿಜಿಸ್ಟರುಗಳು, ಅಂಚೆ ಕಚೇರಿಯ ಗೂಡುಗಳಂತೆ ಸಾಲಾಗಿ, ಒಂದೊಂದರಲ್ಲಿ 0ಯಿಂದ 65,535ರವರೆಗಿನ ಒಂದು ಸಂಖ್ಯೆ. ಕೈಪಿಡಿ 40001 ಎಂದು ಕರೆಯುವ ಗೂಡನ್ನು ತಂತಿಯ ಮೇಲೆ ಕೇಳಬೇಕಾದದ್ದು 0 ಎಂದು. ಇಲ್ಲಿ ಒಂದು ಮನೆ ತಪ್ಪಿದರೆ ಪಕ್ಕದ ಮನೆಯ ಉತ್ತರ ಬರುತ್ತದೆ. ಹಳೆಯ ದಾಖಲೆ ಬೇಕಿದ್ದರೆ ಕೆಲವು ಲಾಗರ್‌ಗಳಲ್ಲಿ ಮೊದಲು ಒಂದು ರಿಜಿಸ್ಟರಿಗೆ ದಾಖಲೆಯ ಕ್ರಮಸಂಖ್ಯೆ ಬರೆದು, ಆಮೇಲೆ ಬೇರೆ ರಿಜಿಸ್ಟರುಗಳಿಂದ ಓದಿಕೊಳ್ಳಬೇಕು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ದಶಮಾಂಶ. 25.4 ಮಿ.ಮೀ. ಮಳೆ ಹಲವು ಲಾಗರ್‌ಗಳಲ್ಲಿ ಒಂದು ರಿಜಿಸ್ಟರಿನಲ್ಲಿ ಹಿಡಿಸದೆ 16843 ಮತ್ತು 13107 ಎಂಬ ಎರಡು ತುಂಡಾಗಿ ಕೂರುತ್ತದೆ. ಯಾವ ತುಂಡು ಮೊದಲು ಎಂದು ಮಾಡ್‌ಬಸ್ ಕಟ್ಟುಮಾಡಿಲ್ಲ. ಒಬ್ಬೊಬ್ಬ ತಯಾರಕನದು ಒಂದೊಂದು ರೂಢಿ. ಹಿಂದುಮುಂದಾಗಿ ಜೋಡಿಸಿದರೆ ದೋಷದ ಸೂಚನೆ ಬರುವುದಿಲ್ಲ, ದಶಮಾಂಶದ ನಂತರ ಏಳು ಸೊನ್ನೆಗಳುಳ್ಳ ಸಂಖ್ಯೆ ಬರುತ್ತದೆ. ಪರದೆ ಅದನ್ನು 0.00 ಎಂದು ತೋರಿಸುತ್ತದೆ. ಒಂದು ಇಂಚು ಮಳೆ ಬಿದ್ದ ಊರಿಗೆ ಒಣಹವೆಯ ಪ್ರಮಾಣಪತ್ರ! ಉಪಕರಣ ಕೆಟ್ಟಿಲ್ಲ, ತಂತಿ ಕಡಿದಿಲ್ಲ. ಓದಿದವನನ್ನು ಕೇಳಿದರೆ ಅವನೂ ಬಂದದ್ದನ್ನೇ ಬರೆದಿದ್ದಾನೆ.

ಸಮಯದ ಗೋಜಲು ಸಣ್ಣದು. ಲಾಗರ್ ವಿಶ್ವ ಕಾಲಮಾನ ಇಟ್ಟುಕೊಂಡಿದ್ದರೆ ನಮ್ಮ ಎಂಟೂವರೆ ಅದಕ್ಕೆ ಮೂರು ಗಂಟೆ. ಮರೆತವರ ಮಳೆ ಐದೂವರೆ ತಾಸು ಸರಿಯುತ್ತದೆ, ಕೆಲವೊಮ್ಮೆ ಹಿಂದಿನ ದಿನದ ಖಾತೆಗೇ ಬೀಳುತ್ತದೆ.

ಜಾಗ ಸಾಲದೆಂಬ ನೆಪ ಮಾತ್ರ ಬೇಡ. ಕಾಲು ಗಂಟೆಗೊಂದು ದಾಖಲೆ ಎಂದರೆ ವರ್ಷಕ್ಕೆ 35,040. ಒಂದಕ್ಕೆ 16 ಬೈಟ್ ಹಿಡಿದರೂ ಒಟ್ಟು ಐದೂವರೆ ಲಕ್ಷ ಚಿಲ್ಲರೆ ಬೈಟ್. ಮೊಬೈಲಿನ ಒಂದು ಫೋಟೋಗೂ ಅದಕ್ಕಿಂತ ಹೆಚ್ಚು ಬೇಕು. ಆದರೂ ಮೆಮೊರಿ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುವಂತೆ ಮಾಡಿರುತ್ತಾರೆ. ತಡವಾಗಿ ಹೋದವರಿಗಾಗಿ ಹಳೆಯ ಲೆಕ್ಕ ಕಾಯುವುದಿಲ್ಲ.

ಹಾಗಾಗಿ ಟೆಂಡರಿನಲ್ಲಿ ಉಪಕರಣದ ಬೆಲೆಯ ಜೊತೆ ರಿಜಿಸ್ಟರ್ ನಕ್ಷೆಯನ್ನೂ ಕೇಳಿ: ಯಾವ ಗೂಡಿನಲ್ಲಿ ಏನು, ತುಂಡುಗಳ ಕ್ರಮ ಯಾವುದು, ಕಾಲಮಾನ ಯಾವುದು. ಮಾಲು ಒಪ್ಪಿಕೊಳ್ಳುವ ದಿನ ಸಿಮ್ ಕಿತ್ತು, ಮಾಪಕಕ್ಕೆ ಅಳೆದ ನೀರು ಹೊಯ್ದು, ಕಂಪನಿಯ ತಂತ್ರಾಂಶ ಮುಟ್ಟದೆ, ಹೊರಗಿನವರೊಬ್ಬರಿಂದ ಆ ಲೆಕ್ಕವನ್ನು ಓದಿಸಿ. ಹೊಯ್ದ ನೀರಿಗೂ ಓದಿದ ಅಂಕಿಗೂ ತಾಳೆಯಾದ ಮೇಲೆ ಬಿಲ್ಲಿಗೆ ಸಹಿ ಹಾಕಿದರಾಯಿತು.